ಗಾಜಿನ ಬಚ್ಚಲಿನ ಮಾಲೀಕರ ಸನ್ನಿಧಿಗೆ

ನಮ್ಮ ಊರಿನ ಅತಿ ದುಬಾರಿ ಹೋಟೆಲಿನ ಮಾಲೀಕರಾದ ಮಾನ್ಯರೇ,

ತಮ್ಮ ಅಮೃತಶಿಲೆಯ ಮೆಟ್ಟಿಲುಗಳಿಗೆ ಕೆಳಗಿನ ಬೀದಿಯ ಹೊಲಿಗೆ ಅಂಗಡಿಯಿಂದ ಅಡ್ಡಬಿದ್ದು ಬರೆಯುವುದೇನೆಂದರೆ, ನಾವು ಬಾಡಿಗೆಗಿದ್ದ ಕಾರ್ಖಾನೆಯ ವಠಾರವನ್ನು ಕೊಂಡು, ಥಳಥಳ ಹೊಳೆಸಿ ಹೋಟೆಲು ಮಾಡಿದ್ದಲ್ಲದೆ, ಅಲ್ಲಿ ಬಾಳಿದವರ ಪೈಕಿ ಹಿರಿಯಳೆಂದು ನಮ್ಮಮ್ಮನನ್ನು ಒಂದು ದಿನದ ಮಟ್ಟಿಗೆ ಪುಕ್ಕಟೆ ಅತಿಥಿಯಾಗಿ ಕರೆಸಿಕೊಂಡ ತಮ್ಮ ಔದಾರ್ಯವನ್ನು ಹೊಗಳಲು ನನಗಿರುವ ಒಂದು ನಾಲಿಗೆ ಸಾಲದು.

ಆ ವಠಾರದ ಬಚ್ಚಲಿಗೆ ಬಾಗಿಲಿರಲಿಲ್ಲವೆಂದು ತಮಗೆ ಯಾರೂ ಹೇಳಿರಲಾರರು. ಗೋಣಿಚೀಲದ ಪರದೆಯೊಂದಿತ್ತು. ಒಳಗಿದ್ದವರು ಹಾಡುತ್ತಲೇ ಇರಬೇಕು, ಹಾಡು ನಿಂತರೆ ಬಚ್ಚಲು ಖಾಲಿಯಾಯಿತೆಂದು ಯಾರಾದರೂ ಪರದೆ ಸರಿಸಬಹುದು ಎಂಬುದು ಅಲ್ಲಿನ ಕಟ್ಟಳೆ. ಮದುವೆಯಾಗಿ ಹೊಸದಾಗಿ ಬಂದ ಅಮ್ಮ, ಶ್ರುತಿಯೂ ಇಲ್ಲದ ತಾಳವೂ ಇಲ್ಲದ ಗಂಟಲನ್ನು ಹರಿದುಕೊಳ್ಳುತ್ತ ಸ್ನಾನ ಮಾಡುತ್ತಿದ್ದರೆ, ಮೈದುನಂದಿರು ಹೊರಗೆ ಕೂತು ನಗುತ್ತಿದ್ದರಂತೆ. ಕೊನೆಗೆ ಅವಳು ಅತ್ತೆಯೊಡನೆ ಜಗಳವಾಡಿ, ಊಟ ಬಿಟ್ಟು ಹಟ ಹಿಡಿದು, ಹಲಗೆಯ ಬಾಗಿಲು ಹಾಕಿಸಿ ಒಳಗಡೆ ಹಿತ್ತಾಳೆಯ ಚಿಲಕ ಜಡಿಸಿಕೊಂಡಳು. ಆಮೇಲೆ ಅವಳು ಹಾಡಲಿಲ್ಲ. ಬಾಯಿ ಮುಚ್ಚಿಕೊಂಡು ಮೈಗೆ ನೀರು ಹೊಯ್ದುಕೊಳ್ಳುವುದೇ ಅವಳ ಪಾಲಿನ ಐಷಾರಾಮವಾಗಿತ್ತು.

ಐಷಾರಾಮವು ಕಾಲಕ್ಕೊಂದು, ದೇಶಕ್ಕೊಂದು ವೇಷ ಹಾಕುತ್ತದೆಂದು ಹೊಲಿಗೆಯವಳಾದ ನನಗೂ ಗೊತ್ತು. ಸಕ್ಕರೆಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಿದ್ದ ದೊಡ್ಡವರ ಮರಿಮಕ್ಕಳು ಈಗ ಸಕ್ಕರೆಯಿಲ್ಲದ ಬಿಸ್ಕತ್ತಿಗೆ ಮುಗಿಬೀಳುತ್ತಾರೆ. ಬಿಸಿಲಿಗೆ ಕಪ್ಪಾದವರನ್ನು ಕೂಲಿಯವರೆಂದು ಜರೆದ ನಾಡುಗಳಲ್ಲೇ ಈಗ ಕಪ್ಪಾಗಲೆಂದು ಕಡಲ ದಂಡೆಯಲ್ಲಿ ಬಿದ್ದುಕೊಳ್ಳುತ್ತಾರೆ. ಅರಸರು ಹಾಸಿಗೆಯಿಂದೇಳುವುದನ್ನು ನೋಡಲು ಆಸ್ಥಾನವೇ ನೆರೆಯುತ್ತಿದ್ದ ಕಾಲವೂ ಇತ್ತಂತೆ. ಆದರೆ ಅಲ್ಲಿ ನೋಡುವವರು ತಲೆ ಬಗ್ಗಿಸಬೇಕಿತ್ತು. ತಾವು ಅದೇ ರಾಜಭೋಗವನ್ನು, ಬಗ್ಗುವ ತಲೆಗಳನ್ನು ಮಾತ್ರ ಕೈಬಿಟ್ಟು, ಮಾರುತ್ತಿದ್ದೀರಿ.

ತಮ್ಮ ಕೋಣೆಯ ನಟ್ಟನಡುವೆ ಗಾಜಿನ ಬಚ್ಚಲು. "ಬಾಗಿಲು ಎಲ್ಲಪ್ಪಾ?" ಎಂದು ಅಮ್ಮ ಕೇಳಿದ್ದಕ್ಕೆ ತಮ್ಮ ಮ್ಯಾನೇಜರು, "ಇಲ್ಲಿ ಮುಚ್ಚುಮರೆ ಏನೂ ಇಲ್ಲ ಅಜ್ಜಿ, ಅದೇ ಲಕ್ಷುರಿ" ಎಂದರು. ಅಮ್ಮನ ಚಿಲಕವೋ, ಕೆಳಗಿನ ಹಜಾರದಲ್ಲಿ ಮಖಮಲ್ಲಿನ ಮೇಲೆ, 'ಅಪರೂಪದ ಲೋಹಕಲೆ' ಎಂಬ ಚೀಟಿಯೊಡನೆ ದೀಪದಡಿ ವಿರಾಜಮಾನವಾಗಿತ್ತು. ಬೆಳಿಗ್ಗೆ, ಅಮ್ಮನಿಗೆ ಜೊತೆಯಾಗಿ ಬಂದು ರಾತ್ರಿ ಉಳಿದಿದ್ದ ನಾನು ಗೋಡೆಗೆ ಮುಖ ಮಾಡಿ ಕುಳಿತೆ. ಬೆನ್ನ ಹಿಂದೆ ನೀರಿನ ಸದ್ದಿನ ಜೊತೆಗೇ ಅಮ್ಮ ಹಾಡತೊಡಗಿದಳು. ಹುಟ್ಟಿದಾಗಿನಿಂದ ನಾನು ಅವಳ ಹಾಡು ಕೇಳಿರಲಿಲ್ಲ. ಕಾಫಿ ತಂದ ತಮ್ಮ ಪರಿಚಾರಿಕೆ, "ಅಜ್ಜಿ ಎಷ್ಟು ಖುಷಿಯಾಗಿದ್ದಾರೆ ನೋಡಿ" ಎಂದಳು.

ಆದ್ದರಿಂದ ತಾವು ದಯಮಾಡಿ, ಮನೆಗೆ ಬೀಗರು ಬರುವ ದಿನ ನೋಡಿ, ಸಕುಟುಂಬ ಸಪರಿವಾರರಾಗಿ ತಮ್ಮ ಹಜಾರದ ನಡುವೆ ಇಂಥದೇ ಗಾಜಿನೊಳಗೆ ಸ್ನಾನ ಮಾಡಿ, ಐಷಾರಾಮವೆಂದರೇನೆಂದು ಲೋಕಕ್ಕೆ ತೋರಿಸಿಕೊಡಬೇಕೆಂದು ವಿನಂತಿ. ಹಾಡಲು ಬಾರದಿದ್ದರೆ ಅಮ್ಮ ಕಲಿಸುತ್ತಾಳೆ. ನಾಚಿಕೆಯೆನಿಸಿದರೆ ಒಂದು ಮಾತು ಹೇಳಿ ಕಳಿಸಿ, ಪರದೆ ಹೊಲಿದುಕೊಡುತ್ತೇನೆ. ಗೋಣಿ ತಾವೇ ತರಬೇಕು.

ಇಷ್ಟಾದ ಮೇಲೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಕೆಳಗಿನ ಬೀದಿಯ ಹೊಲಿಗೆಯವಳು

ವಿ.ಸೂ.: ಮಖಮಲ್ಲಿನ ಮೇಲಿನ ಲೋಹಕಲೆ ಕಾಣೆಯಾಗಿದೆಯೆಂದು ಪಾಪದ ಕಾವಲುಗಾರನನ್ನು ಬಯ್ಯಬೇಡಿ. ಅದು ನಮ್ಮ ಮನೆಯ ಬಚ್ಚಲಿನ ಬಾಗಿಲಿಗಿದೆ. ಬೇಕಾದರೆ ಬಂದು ಬಿಚ್ಚಿಕೊಂಡು ಹೋಗಿ. ಆದರೆ ಸ್ವಲ್ಪ ಹೊರಗೆ ಕಾಯಬೇಕಾದೀತು. ಅಮ್ಮ ಒಳಗೆ ನೀರು ಹೊಯ್ದುಕೊಳ್ಳುತ್ತಿದ್ದಾಳೆ. ಹಾಡುತ್ತಿಲ್ಲ.