ಒಂದು ಚಮಚ ಕಲಬೆರಕೆ

ಅಕ್ಕತಂಗಿಯರನ್ನು ಮದುವೆಯಾದ ಇಬ್ಬರು ಒಂದೇ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಬಾರದು. ಸೇರಿದರೂ, ಅಲ್ಲಿ ಬಿಸಿಲು ಬೀಳುವ ಕಿಟಕಿ ಒಂದೇ ಇರಬಾರದು.

ಅಕ್ಕನ ಗಂಡನನ್ನು ತಂಗಿಯ ಗಂಡ, ಅಂದರೆ ಅವನ ಷಡ್ಡಕ, 'ಭಾವ' ಎನ್ನುತ್ತಿದ್ದ. ನಾವೂ ಹಾಗೇ ಕರೆಯೋಣ. ಇಬ್ಬರದೂ ಒಂದೇ ಕೆಲಸ: ಇಂಗಾಲದ ಡೈಆಕ್ಸೈಡನ್ನು ಬಿಸಿಲಿನ ಬಲದಿಂದ ಉರುವಲು ಅನಿಲವಾಗಿಸುವ ಬಿಳಿ ಪುಡಿ ತಯಾರಿಸುವುದು. ಷಡ್ಡಕ ಪುಡಿಯನ್ನು ಹದವಾಗಿ ಬಿಸಿಮಾಡುತ್ತಿದ್ದ. ಭಾವ ಕುಲುಮೆಯಲ್ಲಿ ಚೆನ್ನಾಗಿ ಸುಟ್ಟು, "ನಂದು ಶುದ್ಧ. ಒಂದು ಕಣ ಕಲಬೆರಕೆ ಇಲ್ಲ" ಎಂದು ಎಲ್ಲರಿಗೂ ಹೇಳುತ್ತಿದ್ದ. ಅನಿಲ ಮಾತ್ರ ಷಡ್ಡಕನ ಪುಡಿಯಿಂದಲೇ ಹೆಚ್ಚು ಬರುತ್ತಿತ್ತು. ಹೆಚ್ಚು ಅನಿಲ ತೆಗೆದವನಿಗೆ ಕಿಟಕಿ ಜಾಗ ಎಂದು ಪ್ರಯೋಗಾಲಯದ ಮುಖ್ಯಸ್ಥೆ ಪರೀಕ್ಷೆ ಇಟ್ಟಿದ್ದರು.

ಪರೀಕ್ಷೆಯ ದಿನ ಬೆಳಿಗ್ಗೆ ಭಾವನ ಹೆಂಡತಿ ಹೇಳಿದಳು: "ಕಿಟಕಿ ಜಾಗ ಇವತ್ತು ತಂಗಿ ಗಂಡನಿಗೇ ಸಿಗುತ್ತಂತೆ. ನಿಮ್ದೂ ಅದೇ ಕೆಲಸ ಅಲ್ವಾ?"

ಆ 'ಅಲ್ವಾ' ಭಾವನ ಹೊಟ್ಟೆಗೆ ಕಿಚ್ಚಿಟ್ಟಿತು. ಪ್ರಯೋಗಾಲಯಕ್ಕೆ ಎಲ್ಲರಿಗಿಂತ ಮೊದಲೇ ಹೋಗಿ, ತನ್ನ ಪುಡಿಯನ್ನು ಒಂದು ಚಮಚ ಷಡ್ಡಕನ ಡಬ್ಬಿಗೆ ಸುರಿದು ಕಲಕಿದ. ಅವನದು ಕೆಡಲಿ, ಅಷ್ಟೇ.

"ಏನ್ ಸಾರ್, ಅವರ ಡಬ್ಬಿ ಹತ್ರ?" ಗಾಜಿನ ಸಾಮಾನು ತೊಳೆಯುವಾಕೆ ಬಾಗಿಲಲ್ಲಿ ನಿಂತಿದ್ದಳು.

"ಧೂಳು ಒರೆಸ್ತಿದ್ದೆ."

ಮಧ್ಯಾಹ್ನದ ಪರೀಕ್ಷೆಯಲ್ಲಿ ಷಡ್ಡಕನ ಅನಿಲ ಎರಡರಷ್ಟಾಯಿತು. ಭಾವನ ಮುಖ ಅವನ ಪುಡಿಯಷ್ಟೇ ಬಿಳುಪಾಯಿತು.

ಮುಖ್ಯಸ್ಥೆ ಪುಡಿಯನ್ನು ಯಂತ್ರದಲ್ಲಿಟ್ಟು ನೋಡಿದರು. "ಇದರಲ್ಲಿ ಹದವಾಗಿ ಕಾಯಿಸಿದ್ದು, ಜೋರಾಗಿ ಸುಟ್ಟದ್ದು, ಎರಡು ಥರದ ಹರಳು ಸೇರಿದೆ. ಒಂದು ಬಿಸಿಲಿನ ಶಕ್ತಿ ಹಿಡಿದ್ರೆ, ಇನ್ನೊಂದು ಅದು ಸೋರದ ಹಾಗೆ ನೋಡ್ಕೊಳ್ಳುತ್ತೆ. ಯಾರು ಬೆರೆಸಿದ್ದು?"

"ನಾನಂತೂ ಅಲ್ಲ ಮೇಡಂ," ಎಂದ ಷಡ್ಡಕ ಪ್ರಾಮಾಣಿಕವಾಗಿ.

"ಬೆಳಿಗ್ಗೆ ಇವರು ಧೂಳು ಒರೆಸ್ತಿದ್ರಪ್ಪ," ಎಂದಳು ತೊಳೆಯುವಾಕೆ, ಭಾವನತ್ತ ಕೈ ತೋರಿಸಿ.

ಕಿಟಕಿ ಕೈಗೆ ಬಂದಂತೆ ಕಂಡಿತು. ಭಾವ ಎದೆಯುಬ್ಬಿಸಿದ. "ಹೌದು ಮೇಡಂ, ನಾನೇ ಬೆರೆಸಿದ್ದು."

"ನಿಮ್ಮ ಡಬ್ಬಿ ಬಿಟ್ಟು ಅವರ ಡಬ್ಬಿಗೆ ಯಾಕೆ ಹಾಕಿದ್ರಿ?"

ಎದೆ ಇಳಿಯಿತು. ನಿಜ ಹೇಳಿದರೆ ಕೆಲಸವೇ ಹೋಗುತ್ತದೆ. "ನಾದಿನಿ ಗಂಡ ಅಲ್ವಾ ಮೇಡಂ... ಮುಂದೆ ಬರ್ಲಿ ಅಂತ."

ಮುಖ್ಯಸ್ಥೆಯ ಕಣ್ಣು ತೇವವಾಯಿತು. "ಎಂಥ ದೊಡ್ಡ ಮನಸ್ಸು ನಿಮ್ಮದು. ನಿಮ್ಮಿಷ್ಟದಂತೆ ಕಿಟಕಿ ಅವರಿಗೇ ಇರಲಿ. ಇನ್ಮೇಲೆ ನೀವು ದಿನಾ ಅವರಿಗೆ ಪುಡಿ ಸುಟ್ಟುಕೊಡಿ."

ಷಡ್ಡಕ ಭಾವನ ಎರಡೂ ಕೈ ಹಿಡಿದುಕೊಂಡ. ಈ ಉಪಕಾರ ಮರೆಯಬಾರದೆಂದು ಹೊಸ ಡಬ್ಬಿಯ ಚೀಟಿಯ ಮೇಲೆ ತನ್ನ ಹೆಸರು ಬರೆದು, ಕೆಳಗೆ ದಪ್ಪಕ್ಷರದಲ್ಲಿ ಸೇರಿಸಿದ: 'ಕಲಬೆರಕೆ: ನಮ್ಮ ಭಾವ.'