ತಪಾಸಣೆಯ ಸಾಲಿನಲ್ಲಿ ಸೌಜನ್ಯ ನಿಷೇಧ

ಮಹಿಳಾ ಮುಂದೂಡಿಕೆ ನಿವಾರಣಾ ಇಲಾಖೆ
ಕಾಪು ಉಪಕಚೇರಿ, ಮೀನು ಮಾರುಕಟ್ಟೆಯ ಹಿಂಬದಿ

ಸಂಖ್ಯೆ: ಮಮುನಿ/ಕಾಪು/ನಾಚಿಕೆ/೧೪

ವಿಷಯ: ಗರ್ಭಕಂಠ ಕ್ಯಾನ್ಸರ್ ತಪಾಸಣೆ ಹಾಗೂ ಎಚ್‌ಪಿವಿ ಲಸಿಕಾ ಶಿಬಿರದಲ್ಲಿ ಒಬ್ಬರಿಗೊಬ್ಬರು ದಾರಿ ಬಿಡುವುದನ್ನು ತಡೆಯುವ ಬಗ್ಗೆ.

ಉಲ್ಲೇಖ: ಕಳೆದ ಶನಿವಾರದ ಶಿಬಿರ. ತಪಾಸಣೆಗೊಳಗಾದವರು: ಯಾರೂ ಇಲ್ಲ.

ಮೀನು ಮಾರುವ ಮಹಿಳೆಯರ ಸಂಘದ ಅಧ್ಯಕ್ಷೆ ನಳಿನಾಕ್ಷಿಯವರ ಮುಂದಾಳತ್ವದಲ್ಲಿ ಸದಸ್ಯೆಯರೆಲ್ಲ ಶಿಬಿರಕ್ಕೆ ಹಾಜರಾಗಿದ್ದು ಸರಿಯಷ್ಟೆ. ಆದರೆ ಪರದೆಯ ಬಳಿ “ನೀವು ಮೊದಲು ಹೋಗಿ ಅಕ್ಕ”, “ಛೆ, ನೀವಿರುವಾಗ ನಾನಾ?” ಎಂಬ ಮರ್ಯಾದೆಯ ವಿನಿಮಯವು ಮಣಿಪಾಲದಿಂದ ಬಂದ ಡಾಕ್ಟರಮ್ಮ ಎದ್ದು ಹೋಗುವವರೆಗೂ ನಡೆದು, ಬಳಿಕ ಎಲ್ಲರೂ ಗೋಳಿಬಜೆ ತಿಂದು ಮನೆಗೆ ಮರಳಿದ್ದು ಇಲಾಖೆಯ ಗಮನಕ್ಕೆ ಬಂದಿದೆ. ಬರುವ ಶನಿವಾರ ಶಿಬಿರ ಮತ್ತೆ ನಡೆಯಲಿರುವುದರಿಂದ ಕೆಳಕಂಡಂತೆ ವಿಧಿಸಲಾಗಿದೆ:

೧. ಪರದೆಯ ಮುಂದಿನ ಸಾಲಿಗೆ ಮಲ್ಪೆ ಬಂದರಿನ ಮೀನು ಹರಾಜಿನ ನಡವಳಿಕೆ ಅನ್ವಯಿಸತಕ್ಕದ್ದು. ಬಂಗುಡೆ ಕಂಡಾಗ ಬಳಸುವ ಮೊಣಕೈಯನ್ನು ಇಲ್ಲಿಯೂ ಬಳಸಬಹುದು. ಬುಟ್ಟಿ ತರುವಂತಿಲ್ಲ.

೨. “ನನಗೆ ಎಂತ ಆಗಿದೆ ಮಾರಾಯ್ತಿ, ಗಟ್ಟಿ ಇದ್ದೇನಲ್ಲ?” ಎಂಬುದನ್ನು ಕಾರಣವಾಗಿ ಸ್ವೀಕರಿಸಲಾಗುವುದಿಲ್ಲ. ಈ ಕಾಯಿಲೆ ಮೊದಮೊದಲು ನೋವೇ ಕೊಡದೆ ಬೆಳೆಯಬಲ್ಲದು. ತಪಾಸಣೆ ಇರುವುದೇ ಅದಕ್ಕಾಗಿ. ಆಟಿ ಅಮಾವಾಸ್ಯೆಯಂದು ಯಾವ ಕಾಯಿಲೆಯೂ ಇಲ್ಲದೆ, ಮುಂದೆ ಬಾರದಿರಲೆಂದು ಪಾಲೆ ಮರದ ಕಹಿ ಕಷಾಯ ಕುಡಿಯುವವರು ಈ ತಕರಾರಿನ ಹಕ್ಕನ್ನು ಆಗಲೇ ಕಳೆದುಕೊಂಡಿರುತ್ತಾರೆ. ಕಷಾಯವನ್ನು ಲಸಿಕೆಗೆ ಬದಲಾಗಿ ಪರಿಗಣಿಸತಕ್ಕದ್ದಲ್ಲ.

೩. ಹೆಣ್ಣುಮಕ್ಕಳ ಲಸಿಕೆಯ ಕುರಿತು “ಮದುವೆ ಆಗಲಿ, ಮತ್ತೆ ನೋಡುವ” ಎನ್ನುವ ಅಜ್ಜಿಯಂದಿರು, ದೋಣಿಗೆ ಎಣ್ಣೆ ಬಳಿಯುವುದು ನೀರಿಗೆ ಇಳಿಸುವ ಮೊದಲೋ ಮುಳುಗಿದ ಮೇಲೋ ಎಂಬುದಕ್ಕೆ ಸಂಘದ ಮುಂದೆ ಉತ್ತರ ಹೇಳತಕ್ಕದ್ದು. ಲಸಿಕೆ ಪಡೆದವರೂ ದೊಡ್ಡವರಾದ ಮೇಲೆ ತಪಾಸಣೆ ತಪ್ಪಿಸುವಂತಿಲ್ಲ.

೪. ಶಿಬಿರದ ದಿನ ಹೆಂಡತಿ ಎಲ್ಲಿಗೆ ಹೋಗಿದ್ದಾಳೆಂದು ನೆರೆಯವರು ಕೇಳಿದಾಗ ನಾಚಿಕೆಯಿಂದ “ಮೀನಿಗೆ” ಎನ್ನುವ ಗಂಡಂದಿರು, ಅಂದು ಸಂಜೆ ಆ ಮೀನನ್ನು ತಾವೇ ತಂದು, ಕೊಯ್ದು, ಸಾರು ಮಾಡಿ, ಪಾತ್ರೆ ತೊಳೆದಿಡತಕ್ಕದ್ದು.

೫. ಅಧ್ಯಕ್ಷೆಯವರ ಮಗಳು, ಹದಿಮೂರರ ತೃಷಾ, “ಅಮ್ಮ ಒಳಗೆ ಹೋಗಿ ಬರಲಿ, ಆಮೇಲೆ ನನಗೆ ಸೂಜಿ” ಎಂದು ಹಟ ಹಿಡಿದಿದ್ದಾಳೆ. ದೊಡ್ಡಮ್ಮ ಪ್ರಫುಲ್ಲಾ ಇದೇ ಕಾಯಿಲೆಗೆ ತಡವಾಗಿ ತೋರಿಸಿಕೊಂಡು ತೀರಿಹೋದದ್ದನ್ನು ಅವಳು ನೋಡಿದ್ದಾಳೆ. ಈ ಷರತ್ತನ್ನು ಸಡಿಲಿಸುವ ಅಧಿಕಾರ ಇಲಾಖೆಗೆ ಇರುವುದಿಲ್ಲ. ಆದುದರಿಂದ ಸಾಲಿನ ಮೊದಲ ಸ್ಥಾನ ನಳಿನಾಕ್ಷಿಯವರದ್ದು. ಅದನ್ನು ಅವರು ಯಾರಿಗೆ ಬಿಟ್ಟುಕೊಟ್ಟರೂ ಮಗಳ ಲಸಿಕೆಯನ್ನೇ ಬಿಟ್ಟುಕೊಟ್ಟಂತೆ.

ಸಹಿ/-
ಮುಂದೂಡಿಕೆ ನಿವಾರಣಾಧಿಕಾರಿ
(ಇಂದೇ ಸಹಿ ಮಾಡಲಾಗಿದೆ)

ಪ್ರತಿಗಳು:
೧. ಡಾಕ್ಟರಮ್ಮನವರಿಗೆ, ಸ್ವಲ್ಪ ತಾಳ್ಮೆ ಕೋರಿ.
೨. ಗೋಳಿಬಜೆ ಅಂಗಡಿಯ ಗಣಪನಿಗೆ, ಕೊನೆಯವರು ಹೊರಬರುವವರೆಗೆ ಎಣ್ಣೆ ಕಾಯಿಸದಂತೆ.
೩. ತೃಷಾಳಿಗೆ, ಅಮ್ಮ ಒಳಗೆ ಹೋದೊಡನೆ ಅವರ ಚಪ್ಪಲಿಯನ್ನು ವಶಪಡಿಸಿಕೊಂಡು, ಹೊರಬಂದಾಗ ಒಪ್ಪಿಸಿ, ಅಮ್ಮನ ಕೈ ಹಿಡಿದುಕೊಂಡೇ ತನ್ನ ಇನ್ನೊಂದು ತೋಳನ್ನು ಸೂಜಿಗೆ ಒಡ್ಡುವಂತೆ.