ಗುಂಡಿಗೆ ನೀರು ಹುಯ್ಯುವ ನೌಕರಿ

ಗುಂಡಿ ತೋಡುವ ನೌಕರಿ ಸಿಕ್ಕವನು ನಗುವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ತೋಡಿದ ಕಡೆಯಲ್ಲೆಲ್ಲ ಅದೇ ಎದ್ದು ಬರುತ್ತೆ. ಅರವತ್ತರ ದಶಕದ ಕೊನೆಯಲ್ಲಿ ಕುಂದಾಣದ ಹತ್ತಿರ ಒಂದು ಹಳ್ಳಕ್ಕೆ ಸಣ್ಣ ಅಣೆಕಟ್ಟು ಕಟ್ಟೋ ಯೋಚನೆ ನಡೆದಿತ್ತು. ಅಲ್ಲಿನ ಮಣ್ಣು ಎಂಥದ್ದು, ನೆಲದೊಳಗಿನ ನೀರು ಎಷ್ಟು ಆಳದಲ್ಲಿದೆ ಅಂತ ನೋಡೋಕೆ ನನ್ನನ್ನು ಕಳಿಸಿದರು. ನಂದು ಹಂಗಾಮಿ ಕೆಲಸ. ಹೊರಡುವಾಗ ನಮ್ಮ ಸಾಹೇಬರು, "ನೋಡಯ್ಯಾ, ಈ ಕೆಲಸ ನೆಟ್ಟಗೆ ಮಾಡಿದ್ರೆ ಖಾಯಂ ಮಾಡೋಕೆ ಬರೀತೀನಿ. ಇಲ್ಲಾಂದ್ರೆ ದೊಡ್ಡಬಳ್ಳಾಪುರಕ್ಕೆ ಹೋಗಿ ನಿಮ್ಮಪ್ಪನ ಜೊತೆ ಮಗ್ಗಕ್ಕೆ ಕೂತ್ಕೋ" ಅಂದಿದ್ದರು. ನಮ್ಮಪ್ಪನೋ, ಮಗ ಗೌರ್ಮೆಂಟು ನೌಕರ ಅಂತ ಆಗಲೇ ಬೀದಿಗೆಲ್ಲ ಸಾರಿಬಿಟ್ಟಿದ್ದ!

೧. ಕಾರಣೆ

ಊಟ, ವಸತಿ ಎಲ್ಲಾ ಊರಿನ ಒಬ್ಬ ಅಜ್ಜಿ ಮನೆಯಲ್ಲಿ. ಮಕ್ಕಳು ಮೊಮ್ಮಕ್ಕಳು ತುಂಬಿದ ಮನೆ, ಅದರಲ್ಲಿ ನಾನೂ ಒಬ್ಬ. ಗುಂಡಿಗಳಿಂದ ತೆಗೆದ ಮಣ್ಣನ್ನು ಚೀಲಗಳಿಗೆ ತುಂಬಿ, ಚೀಟಿ ಕಟ್ಟಿ ಜಗಲಿ ಮೇಲೆ ಇಟ್ಟಿದ್ದೆ. ಶುಕ್ರವಾರ ಬೆಳಗ್ಗೆ ಎದ್ದು ನೋಡ್ತೀನಿ, ಗೋಡೆಗೆ ಹೊಸ್ತಿಲಿಗೆ ಕೆಮ್ಮಣ್ಣಿನ ಕಾರಣೆ ಬಳಿದು ಮನೆ ಮದುವೆ ಮನೆ ಥರ ಕಂಗೊಳಿಸ್ತಿದೆ. ಒಂದು ಚೀಲ ಖಾಲಿ.

"ಅಯ್ಯೋ ಅಜ್ಜಿ, ಅದು ಸರ್ಕಾರದ ಮಣ್ಣು!"

"ನಮ್ಮೂರ್ ಮಣ್ಣು ಯಾವಾಗ್ಲಾ ಸರ್ಕಾರದ್ದಾಯ್ತು?" ಅಂದಳು ಅಜ್ಜಿ. "ಇನ್ನೊಂದ್ ಚೀಲದಾಗೆ ಬರೀ ಗರಸು ಐತೆ. ಅಂಥದ್ದು ಇನ್ಮೇಲೆ ತರಬ್ಯಾಡ."

೨. ಬಾವಿ ಮರ್ಯಾದೆ

ಬಾವಿಗಳಿಗೆ ಟೇಪು ಇಳಿಬಿಟ್ಟು ನೀರಿನ ಮಟ್ಟ ಬರೆದುಕೊಳ್ಳುತ್ತಿದ್ದೆ. ಒಬ್ಬ ಗೌಡರು ಎಳನೀರು ಕೊಚ್ಚಿ ಕೊಟ್ಟು, ಆಮೇಲೆ ಮೆತ್ತಗೆ ಪಕ್ಕಕ್ಕೆ ಕರೆದರು.

"ಮಗನಿಗೆ ಹೆಣ್ಣು ನೋಡ್ತಾ ಇದೀವಿ ಸ್ವಾಮಿ. ಬೀಗರ ಕಡೆಯೋರು ನಿಮ್ಮನ್ನ ವಿಚಾರಿಸಿದ್ರೂ ವಿಚಾರಿಸ್ಬೋದು. ನಮ್ ಬಾವಿ ನೀರು ಎರಡಡಿ ಮೇಲೈತೆ ಅಂತ ಬರ್ಕಳಿ."

"ನಾನು ಬರೆದ ಮಾತ್ರಕ್ಕೆ ನೀರು ಮೇಲೆ ಬರುತ್ತಾ ಗೌಡ್ರೇ?"

"ಮದುವೆ ಆಗಗಂಟ ಮೇಲಿರ್ಲಿ ಸಾಕು. ಆಮೇಲೆ ಇಳಿಸ್ಕಳಿ."

೩. ಬಸ್ಸಿನಲ್ಲಿ ಗೌರವ

ಇನ್ನೊಂದು ಬಗೆಯ ಮಣ್ಣು ಇದೆ. ನೆಲದಲ್ಲಿ ಹೇಗಿತ್ತೋ ಹಾಗೇ ಗಟ್ಟಿಯಾಗಿ ಕೊಯ್ದು ಬೆಂಗಳೂರಿನ ಪರೀಕ್ಷಾಲಯಕ್ಕೆ ಒಯ್ಯಬೇಕು. ಅಲುಗಬಾರದು, ಒಣಗಬಾರದು. ಮೇಣ ಬಳಿದು, ಒದ್ದೆ ಬಿಳಿ ಬಟ್ಟೆ ಸುತ್ತಿ, ಎದೆಗೆ ಅವಚಿಕೊಂಡು ದೇವನಹಳ್ಳಿಯಲ್ಲಿ ಬಸ್ಸು ಹತ್ತಿದೆ. ಕಾಲಿಡಕ್ಕೂ ಜಾಗ ಇಲ್ಲ. ಒಬ್ಬ ಯಜಮಾನರು ನನ್ನ ಕೈಯಲ್ಲಿದ್ದದ್ದನ್ನು ನೋಡಿ, ತಟ್ಟನೆ ಎದ್ದು ಸೀಟು ಬಿಟ್ಟುಕೊಟ್ಟರು. ಕಂಡಕ್ಟರು ಡ್ರೈವರಿಗೆ, "ಗುರು, ನಿಧಾನಕ್ಕೆ ಹೋಗು" ಅಂದ. ಬಸ್ಸಿಗೆ ಬಸ್ಸೇ ಗಪ್‌ಚುಪ್.

ಸ್ವಲ್ಪ ದೂರ ಹೋದ ಮೇಲೆ ಯಜಮಾನರು ನನ್ನ ಭುಜ ಸವರಿ, "ತಂದೆಯವರಾ?" ಅಂದರು. ಓಹೋ, ಇವರೆಲ್ಲ ಇದನ್ನು ಅಸ್ಥಿ ಅಂದುಕೊಂಡಿದ್ದಾರೆ ಅಂತ ಆಗ ಹೊಳೀತು.

"ಅಲ್ಲ ಯಜಮಾನ್ರೇ, ಇದು ಬರೀ ಮಣ್ಣು."

"ಹೂಂ ಕಣಪ್ಪಾ" ಅಂತ ನಿಟ್ಟುಸಿರು ಬಿಟ್ಟರು. "ತಿಳ್ಕಂಡಿದೀಯ. ಧೈರ್ಯವಾಗಿರು."

ಪುಣ್ಯಾತ್ಮರು! ಆ ಮಣ್ಣು ಒಂದು ಬಿರುಕೂ ಇಲ್ಲದೆ ಬೆಂಗಳೂರು ಸೇರಿತು.

೪. ಇಳಿಯದ ನೀರು

ಕೊನೆಗೆ ಉಳಿದದ್ದು ನೀರು ಇಂಗುವ ಪರೀಕ್ಷೆ. ನೆಲದಲ್ಲಿ ಕಿರಿದಾದ ಗುಂಡಿ ಕೊರೆದು, ಬಾಯಿತನಕ ನೀರು ಹುಯ್ದು, ಎಷ್ಟು ಹೊತ್ತಿಗೆ ಎಷ್ಟು ಇಳೀತು ಅಂತ ಅಳೆಯೋದು. ಸರಸರ ಇಳಿದರೆ ಅಲ್ಲಿ ಕಟ್ಟೆ ಕಟ್ಟಿ ಪ್ರಯೋಜನವಿಲ್ಲ. ಸುಡುಸುಡು ಬೇಸಿಗೆ. ಹೊಲಕ್ಕೆ ಹೊರಟಿದ್ದ ಅಜ್ಜಿ ನಿಂತು ನೋಡಿದಳು.

"ಎಲ್ರೂ ನೀರ್ ತೆಗಿಯಕ್ಕೆ ಗುಂಡಿ ತೋಡಿದ್ರೆ ನೀನು ಹುಯ್ಯಕ್ಕೆ ತೋಡ್ತೀಯಲ್ಲಾ! ತಲೆ ನೆಟ್ಟಗೈತಾ?"

"ಇದು ಇಳೀದೆ ನಿಂತ್ರೆ ಒಳ್ಳೇದು ಅಜ್ಜಿ. ಈಗ ಸಾಹೇಬ್ರು ಬರ್ತಾರೆ. ನನ್ನನ್ನ ಇಟ್ಕೋತಾರೋ ಮನೆಗೆ ಕಳಿಸ್ತಾರೋ, ಇವತ್ತು ಗೊತ್ತಾಗುತ್ತೆ."

ಅಜ್ಜಿ ಮುಖ ಸಣ್ಣದಾಯ್ತು. "ಮೊದ್ಲು ಹೋಗಿ ಉಂಡ್ಬಾ, ಮುದ್ದೆ ಆರೋಯ್ತದೆ. ನಾನ್ ನೋಡ್ಕಂತೀನಿ" ಅಂದಳು.

ನಾನು ಮುದ್ದೆ ಬಸ್ಸಾರು ಮುಗಿಸಿ ಬರುವುದಕ್ಕೂ ಸಾಹೇಬರ ಜೀಪು ಬರುವುದಕ್ಕೂ ಸರಿಹೋಯಿತು. ಗುಂಡಿ ನೋಡಿದರೆ ನೀರು ಬಾಯಿತನಕ ಹಾಗೇ ಇದೆ, ಒಂದು ಬೆರಳೂ ಇಳಿದಿಲ್ಲ! ಸಾಹೇಬರು ಬಗ್ಗಿ ಅಳತೆಕೋಲು ಇಳಿಬಿಟ್ಟು, "ಭಲೇ! ಇಂಥ ಜಾಗ ನನ್ನ ಸರ್ವಿಸ್ಸಲ್ಲೇ ನೋಡಿಲ್ಲ ಕಣಯ್ಯಾ" ಅಂದರು. ನಾನು ಉಬ್ಬಿಹೋದೆ. ಅವರು ಬೆನ್ನು ನೆಟ್ಟಗೆ ಮಾಡೋಷ್ಟರಲ್ಲಿ ನೀರು ಗೊಳಗೊಳ ಅಂತ ಒಂದು ಮೊಳ ಕೆಳಗೆ ಹೋಯಿತು. ನನ್ನ ಜೀವ ಅದರ ಹಿಂದೆಯೇ ಹೋಯಿತು.

ಬೇಲಿ ಮರೆಯಿಂದ ಅಜ್ಜಿ ಸೊಂಟದ ಮೇಲೆ ಕೊಡ ಇಟ್ಟುಕೊಂಡು ಓಡಿಬಂದಳು, ಹಿಂದೆ ಸೊಸೆಯೂ ಒಂದು ಕೊಡ ಹೊತ್ತಿದ್ದಳು. ಬಂದವಳೇ ಗುಂಡಿಗೆ ಸುರಿದು, "ಹೆದರ್ಕಬ್ಯಾಡಿ ಸ್ವಾಮಿ, ಇಳ್ದಂಗೆಲ್ಲಾ ತುಂಬಿಸ್ತಾ ಇವ್ನಿ. ಇಡೀ ದಿನ ಬೇಕಾದ್ರೂ ತುಂಬಿಸ್ತೀನಿ. ಈ ಹೈದನ್ನ ಮಾತ್ರ ಕೆಲಸದಿಂದ ತೆಗೀಬ್ಯಾಡಿ" ಅಂದಳು.

ಕುಡಿಯೋ ನೀರಿಗೇ ತತ್ವಾರ ಇದ್ದ ದಿನಗಳು ಅವು. ಸಾಹೇಬರು ಕನ್ನಡಕ ತೆಗೆದು, ಕಣ್ಣಲ್ಲಿ ನೀರು ಬರೋ ಹಾಗೆ ನಕ್ಕರು.

"ಈ ಜಾಗ ಆಗಲ್ಲ, ಮೇಲುಗಡೆ ನೋಡೋಣ. ನಿನ್ನ ಖಾಯಂ ಕಾಗದ ನಾಳೆಯೇ ಬರೀತೀನಿ ಕಣಯ್ಯಾ. ಬರೀದೆ ಇದ್ರೆ ಈಯಮ್ಮ ಮುಂದಿನ ಕೊಡ ನನ್ನ ತಲೆ ಮೇಲೆ ಹುಯ್ತಾಳೆ" ಅಂದವರು, ಅಜ್ಜಿ ಕಡೆ ತಿರುಗಿದರು. "ಗುಂಡಿ ತುಂಬಿರೋ ಹಾಗೆ ಹುಯ್ತಾ ಹೋಗಿ ಅಳೆಯೋದೂ ಒಂದು ಪರೀಕ್ಷೇನೇ ಕಣಮ್ಮಾ. ಹೇಳು, ಒಟ್ಟು ಎಷ್ಟು ಕೊಡ ಹಾಕಿದ್ರಿ?"

ಅಜ್ಜಿಗೆ ಕೋಪ ನೆತ್ತಿಗೇರಿತು. "ಚೆನ್ನಾಗೈತೆ! ಮನೆ ಮಗನಿಗೆ ಹಾಕಿದ್ದನ್ನ ಎಣಿಸ್ಕಂಡು ಕೂರಕ್ಕೆ ನಾನೇನು ಹೋಟ್ಲು ಇಟ್ಟಿದೀನಾ?"